ಕಳಿಸುವುದು ಮನೆ, ಹೊರಡುವುದು ಒಬ್ಬರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳ್ಳಿ ಬಿಟ್ಟು ಜನ ಪಟ್ಟಣಕ್ಕೆ ಯಾಕೆ ಬರುತ್ತಾರೆ? ಇದರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಮುಂಬಯಿ, ಠಾಣೆ, ಪನ್ವೇಲ್, ಪುಣೆ ಎಲ್ಲ ಕಡೆಯಿಂದ ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ತುಂಬಾ ಜನ ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ (ಡೊಂಬಿವಲಿಯ ಹಿರಿಯ ಓದುಗರು): ತಂಗೀ, ನಾನು ಕಾರ್ಕಳ ಕಡೆಯವನು. 1960ರ ದಶಕದಲ್ಲಿ, ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು ಹೊಟೇಲಿನಲ್ಲಿ ಕಪ್ಪು ತೊಳೆದವನು. ಈ ಸಲ ರಜೆಯಲ್ಲಿ ಮೊಮ್ಮಗಳು ಊರಿನ ಗದ್ದೆ, ತೋಟ ನೋಡಿ "ಅಜ್ಜಾ, ಇಷ್ಟು ಚಂದದ ಊರು ಬಿಟ್ಟು ಯಾಕೆ ಬಂದಿರಿ?" ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ನಗರದ ಮೋಹ ಅಂತ ಪೇಪರಿನಲ್ಲಿ ಬರೆಯುತ್ತಾರಲ್ಲ, ನಮಗೆ ಅಂಥದ್ದೇನಾದರೂ ಇತ್ತಾ?

ಉತ್ತರ: ಇರಲಿಲ್ಲ ಅಣ್ಣಾ. ಮೋಹ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಬೆಳಗಿನ ಜಾವ ಎದ್ದು, ರಾತ್ರಿ ಹೊಟೇಲಿನ ಬಾಗಿಲು ಎಳೆಯುವ ತನಕ ಕಪ್ಪು ಬಸಿ ತೊಳೆದು, ಅದೇ ಹೊಟೇಲಿನ ಬೆಂಚು ಜೋಡಿಸಿ ಮಲಗುವುದಕ್ಕೆ ಯಾವ ಮಗುವೂ ಆಸೆಪಟ್ಟು ಬರುವುದಿಲ್ಲ.

ಮೊಮ್ಮಗಳಿಗೆ ಕಂಡಿದ್ದು ಹಸಿರು. ಆ ಹಸಿರಿನಲ್ಲಿ ಮನೆಗೆ ಎಷ್ಟು ಉಳಿಯುತ್ತಿತ್ತು ಅನ್ನುವುದು ಅವಳಿಗೆ ಹೇಗೆ ಗೊತ್ತಾಗಬೇಕು? ಆಗ ನಿಮ್ಮ ಕಡೆ ಗದ್ದೆ ಮಾಡುತ್ತಿದ್ದವರಲ್ಲಿ ತುಂಬಾ ಜನ ಗೇಣಿ ಒಕ್ಕಲುಗಳು. ಕೊಯಿಲು ಮುಗಿದು ಭತ್ತ ಅಂಗಳಕ್ಕೆ ಬಂತು ಅಂದರೆ ಮೊದಲು ಧಣಿಗಳ ಗೇಣಿಗೆ ಮುಡಿ ಕಟ್ಟಬೇಕು, ಉಳಿದದ್ದರಲ್ಲಿ ವರ್ಷ ದೂಡಬೇಕು. ಆಟಿ ತಿಂಗಳು, ಅಂದರೆ ತುಳುವರ ಆಷಾಢ, ಬರುವಾಗ ಅಕ್ಕಿ ಮುಗಿದಿರುತ್ತಿತ್ತು, ಹೊರಗೆ ಜಡಿಮಳೆ, ಕೂಲಿಯೂ ಇಲ್ಲ. ಕೆಸುವಿನ ಎಲೆ, ತಜಂಕು ಸೊಪ್ಪು, ಹಲಸಿನ ಬೀಜ ಬೇಯಿಸಿಕೊಂಡು ದಿನ ಕಳೆದ ಮನೆಗಳು ಎಷ್ಟೋ. ಈಗ ನಮ್ಮ ಸಂಘಗಳಲ್ಲಿ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಅಂತ ಅದೇ ತಿನಿಸುಗಳನ್ನು ಸಾಲಾಗಿ ಬಡಿಸುತ್ತೇವಲ್ಲ, ಅವು ಆಗ ಹೊಟ್ಟೆಪಾಡಿನ ಅಡುಗೆ.

ಆರೇಳು ಮಕ್ಕಳ ಮನೆ, ಗದ್ದೆ ಇದ್ದಷ್ಟೇ. ಒಬ್ಬ ಹುಡುಗ ಹೊರಟರೆ ಉಣ್ಣುವ ಬಾಯಿ ಒಂದು ಕಡಿಮೆ, ತಿಂಗಳಿಗೆ ಮನಿಯಾರ್ಡರ್ ಒಂದು ಜಾಸ್ತಿ. ಈ ಲೆಕ್ಕ ಹಾಕಿದ್ದು ಮನೆಯ ದೊಡ್ಡವರು. ಹುಡುಗನನ್ನು ಯಾರೂ ಕೇಳಿರಲಿಕ್ಕಿಲ್ಲ. ಪಕ್ಕದ ಮನೆಯ ಮಾವನೋ, ದೊಡ್ಡಮ್ಮನ ಮಗನೋ ಊರಿಗೆ ಬಂದವರು "ಹೋಗುವಾಗ ಇವನನ್ನೂ ಕರಕೊಂಡು ಹೋಗುತ್ತೇನೆ" ಅಂದರೆ ಮುಗಿಯಿತು. ಮುಂಬಯಿ ಯಾವ ದಿಕ್ಕಿನಲ್ಲಿದೆ ಅಂತ ಗೊತ್ತಿಲ್ಲದ ತಾಯಿ, ಆ ಮಾವನನ್ನು ನಂಬಿ ಮಗನನ್ನು ಕಳಿಸಿದಳು. ಜನ ಊರು ಬಿಡುವುದರ ಬಗ್ಗೆ ನನಗೆ ಹೇಳಬೇಕು ಅನ್ನಿಸುವ ಮುಖ್ಯ ಮಾತು ಇದೇ. ಹೊರಡುವುದು ಒಬ್ಬರು, ಕಳಿಸುವುದು ಮನೆ. ಹೋಗುವುದು ನಗರಕ್ಕೆ ಅಂತ ನಾವು ಹೇಳುತ್ತೇವೆ, ನಿಜಕ್ಕೂ ಅವರು ಹೋಗುವುದು ಅಲ್ಲಿರುವ ಪರಿಚಯದವರ ಹತ್ತಿರಕ್ಕೆ.

ಹೊಟೇಲೇ ಯಾಕೆ ಅಂದರೆ, ಅಲ್ಲಿ ಊಟವೂ ಸಿಗುತ್ತಿತ್ತು, ಮಲಗುವುದಕ್ಕೆ ಜಾಗವೂ ಸಿಗುತ್ತಿತ್ತು. ಖೋಲಿ ಬಾಡಿಗೆ ಕೊಡಲಾರದವನು ಮುಂಬಯಿಯಲ್ಲಿ ಮತ್ತೆಲ್ಲಿ ಇರಬೇಕು? ರತ್ನಾಗಿರಿ, ಸಾತಾರದಿಂದ ಬಂದು ಗಿರಣಿ ಸೇರಿದವರದ್ದೂ ಇದೇ ಕಥೆ. ಒಂದೇ ಊರಿನವರು ಸೇರಿ ಲಾಲ್‌ಬಾಗ್, ಪರೇಲ್ ಕಡೆ ಚಾಳಿನಲ್ಲಿ ಒಂದು ಖೋಲಿ ಹಿಡಿದು, ಪಾಳಿಯ ಮೇಲೆ ಮಲಗಿ, ಖಾನಾವಳಿಯಲ್ಲಿ ಉಂಡು, ಉಳಿದದ್ದನ್ನು ಊರಿಗೆ ಕಳಿಸುತ್ತಿದ್ದರು. ನಮ್ಮ ಹುಡುಗರಿಗೆ ಇನ್ನೊಂದು ಆಸರೆ ಇತ್ತು, ಕನ್ನಡ ರಾತ್ರಿ ಶಾಲೆ. ಹಗಲು ಟೇಬಲ್ ಒರೆಸಿ ಸಂಜೆ ಶಾಲೆಗೆ ಹೋಗಿ ಎಸ್ಸೆಸ್ಸಿ (ಇಲ್ಲಿನ ಎಸ್ಸೆಸ್ಸೆಲ್ಸಿ) ಮುಗಿಸಿ, ಮುಂದೆ ಬ್ಯಾಂಕು, ಆಫೀಸು ಸೇರಿದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಆ ಶಾಲೆಗಳನ್ನು ಕಟ್ಟಿದವರಿಗೆ ಕೈ ಮುಗಿಯಬೇಕು.

ಇನ್ನೊಂದು ಮಾತು. ಗೇಣಿ ಹೋದ ಮೇಲೆ ಊರು ಬಿಡುವುದು ನಿಲ್ಲಬೇಕಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಕರ್ನಾಟಕದ 1961ರ ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸು ಕಾಲದಲ್ಲಿ ದೊಡ್ಡ ತಿದ್ದುಪಡಿ ಆಯಿತು, 1974ರ ಮಾರ್ಚ್ 1ರಿಂದ ಉಳುವವನೇ ಒಡೆಯ. ನಿಮ್ಮ ಜಿಲ್ಲೆಯಲ್ಲಿ ಅದು ನಿಜವಾಗಿ ಜಾರಿಗೆ ಬಂತು, ಸಾವಿರಾರು ಮನೆಗಳ ಬದುಕು ಬದಲಾಯಿತು. ಆದರೆ ಸಿಕ್ಕಿದ್ದು ಸಣ್ಣ ತುಂಡು ಭೂಮಿ, ಅದೂ ಮಕ್ಕಳಲ್ಲಿ ಪಾಲಾಯಿತು. ಗೇಣಿ ನಿಂತ ಧಣಿಗಳ ಮನೆಯ ಹುಡುಗರೂ ಬಸ್ಸು ಹತ್ತಿದರು. ಭೂಮಿ ಬಂದವರ ಮಕ್ಕಳು ಶಾಲೆಗೆ ಹೋಗಿ ಓದಿದರು, ಓದಿದವರಿಗೆ ಊರಲ್ಲಿ ಕೆಲಸ ಇರಲಿಲ್ಲ, ಅವರೂ ಹೊರಟರು. ಕೈಯಲ್ಲಿ ಏನೂ ಇಲ್ಲದ ಕಡುಬಡವ ದೂರದ ಊರಿಗೆ ಹೊರಡುವುದು ಕಷ್ಟ. ಬಸ್ಸಿನ ದುಡ್ಡು ಬೇಕು, ಅಲ್ಲಿ ಒಂದು ಪರಿಚಯ ಬೇಕು. ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ ಅಣ್ಣಾ, ಅವಳಿಗೆ ಖಂಡಿತ ಅರ್ಥ ಆಗುತ್ತದೆ.

ಪ್ರಶ್ನೆ (ಚೆಂಬೂರಿನ ಕಾಲೇಜು ವಿದ್ಯಾರ್ಥಿನಿ): ಅಕ್ಕಾ, ಪ್ರಾಜೆಕ್ಟಿಗೆ ಅಂಕಿ ಬೇಕಿತ್ತು. ಹಳ್ಳಿಯೆಲ್ಲ ಖಾಲಿಯಾಗಿ ನಗರ ಸೇರುತ್ತಿದೆ ಅನ್ನುವುದು ಎಷ್ಟು ನಿಜ?

ಉತ್ತರ: ಅರ್ಧ ನಿಜ. 2011ರ ಜನಗಣತಿ ಪ್ರಕಾರ ದೇಶದಲ್ಲಿ ನಗರದವರು ಸುಮಾರು 37.7 ಕೋಟಿ, ಅಂದರೆ ನೂರಕ್ಕೆ 31. ಅದರ ಹಿಂದಿನ ಹತ್ತು ವರ್ಷದಲ್ಲಿ ನಗರಗಳಿಗೆ ಸೇರಿದ ಜನ ಹಳ್ಳಿಗಳಿಗೆ ಸೇರಿದವರಿಗಿಂತ ಸ್ವಲ್ಪ ಜಾಸ್ತಿ, ಸ್ವಾತಂತ್ರ್ಯ ಬಂದ ಮೇಲೆ ಹಾಗೆ ಆಗಿದ್ದು ಅದೇ ಮೊದಲು. ಆದರೆ ಅವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಂದವರಲ್ಲ. ನಗರದಲ್ಲೇ ಹುಟ್ಟಿದ ಮಕ್ಕಳು ಅದರಲ್ಲಿ ದೊಡ್ಡ ಪಾಲು. ಇನ್ನು ಕೆಲವರು ಇದ್ದಲ್ಲೇ ಇದ್ದು ನಗರದವರಾದರು. ಜನಗಣತಿಯವರ ನಿಯಮ ನೋಡು. ಒಂದು ಊರಲ್ಲಿ ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿದ್ದರೆ ಅದು ಲೆಕ್ಕಕ್ಕೆ ಪಟ್ಟಣ, ಆಡಳಿತ ಗ್ರಾಮ ಪಂಚಾಯಿತಿಯದ್ದೇ ಇದ್ದರೂ ಸರಿ. ಇಂಥ ಊರುಗಳು 2001ರಲ್ಲಿ 1,362 ಇದ್ದವು, 2011ಕ್ಕೆ 3,894 ಆದವು.

ಊರು ಬದಲಿಸಿದವರಲ್ಲಿ ಹೆಂಗಸರೇ ಜಾಸ್ತಿ ಅನ್ನುವುದನ್ನೂ ಬರಿ. 2011ರ ಲೆಕ್ಕದಲ್ಲಿ ಒಂದೂರು ಬಿಟ್ಟು ಇನ್ನೊಂದೂರಿನಲ್ಲಿ ಇದ್ದವರು 45 ಕೋಟಿಗೂ ಮೇಲೆ, ಅವರಲ್ಲಿ ಮೂರನೇ ಎರಡು ಪಾಲು ಹೆಂಗಸರು. ಬಹುಪಾಲು ಮದುವೆಯಾಗಿ ಹೋದವರು. ಕಾರಣದ ಕಾಲಂನಲ್ಲಿ 'ಮದುವೆ' ಅಂತ ಬರೆದ ಮೇಲೆ, ಹೋದ ಊರಲ್ಲಿ ಆಕೆ ಮನೆಗೆಲಸಕ್ಕೋ ಹೊಲಕ್ಕೋ ಹೋಗಿ ದುಡಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗಂಡಸರು ಹೊರಟ ಊರು ಯಾವುದು, ಬಂದು ಸೇರಿದ ಊರು ಯಾವುದು ಅಂತ ಗೊತ್ತಾಗಬೇಕಾದರೆ ಒಂದು ಸುಲಭದ ದಾರಿ ಇದೆ. ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಅಂತ ನೋಡು. 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ 1,094, ರತ್ನಾಗಿರಿಯಲ್ಲಿ 1,122. ಮುಂಬಯಿ ನಗರ ಜಿಲ್ಲೆಯಲ್ಲಿ 832. ನನ್ನ ಮಟ್ಟಿಗೆ ಇಡೀ ವಿಷಯ ಈ ಮೂರು ಅಂಕಿಯಲ್ಲಿ ಇದೆ. ಊರಲ್ಲಿ ಅತ್ತೆ, ಸೊಸೆ, ಮಕ್ಕಳು. ಇಲ್ಲಿ ಖೋಲಿಯಲ್ಲಿ ಗಂಡಸರು.

ಹಾಗೆಯೇ, ಹೊಸದಾಗಿ ಬಂದವರು ಈಗ ಹಳೇ ಮುಂಬಯಿಯಲ್ಲಿ ಇಳಿದುಕೊಳ್ಳುವುದಿಲ್ಲ. ಆ ಹತ್ತು ವರ್ಷದಲ್ಲಿ ಕೊಲಾಬಾದಿಂದ ಮಾಹಿಮ್, ಸಾಯನ್ ತನಕದ ದ್ವೀಪದ ಜನಸಂಖ್ಯೆ 33 ಲಕ್ಷದಿಂದ 31 ಲಕ್ಷಕ್ಕೆ ಇಳಿಯಿತು. ಠಾಣೆ ಜಿಲ್ಲೆ 1.1 ಕೋಟಿ ಮುಟ್ಟಿತು, ಆಗ ಪಾಲ್ಘರ್ ಅದರಲ್ಲೇ ಇತ್ತು. 2021ರಲ್ಲಿ ಜನಗಣತಿ ನಡೆಯಲಿಲ್ಲ, ಅದಕ್ಕೇ ಎಲ್ಲರೂ ಇನ್ನೂ 2011ರ ಅಂಕಿಯನ್ನೇ ಹಿಡಿದುಕೊಂಡಿದ್ದೇವೆ. ನಾಲ್ಕಾರು ತಿಂಗಳಿಗೆ ಬಂದು ಹೋಗುವವರು ಆ ಲೆಕ್ಕದಲ್ಲಿ ಸರಿಯಾಗಿ ಸಿಗುವುದಿಲ್ಲ. ಅವರ ಬಗ್ಗೆ ಮುಂದಿನ ಪ್ರಶ್ನೆ ಇದೆ, ಓದು.

ಪ್ರಶ್ನೆ (ಖಾರ್‌ಘರ್‌ನ ಗೃಹಿಣಿ): ಮೇಡಂ, ನಮ್ಮ ಸೊಸೈಟಿ ಎದುರಿಗೆ ದೊಡ್ಡ ಟವರ್ ಕಟ್ಟುತ್ತಿದ್ದಾರೆ. ಅಲ್ಲಿ ಪತ್ರಾ ಶೆಡ್ಡಿನಲ್ಲಿರುವ ಕೆಲಸದವರು ಕನ್ನಡದವರು. ಯಾದಗಿರಿ, ಕಲಬುರಗಿ ಕಡೆಯವರಂತೆ. ಸಣ್ಣ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಾರೆ. ಊರಲ್ಲಿ ಹೊಲ ಇದೆ ಅನ್ನುತ್ತಾರೆ. ಉದ್ಯೋಗ ಖಾತ್ರಿ, ರೇಷನ್ ಅಕ್ಕಿ ಎಲ್ಲ ಇದ್ದೂ ಮಕ್ಕಳ ಶಾಲೆ ಬಿಡಿಸಿ ಯಾಕೆ ಬರಬೇಕು?

ಉತ್ತರ: ಈ ಪ್ರಶ್ನೆಗೆ ಸಾವಕಾಶವಾಗಿ ಉತ್ತರ ಬರೆಯಬೇಕು ಅನ್ನಿಸಿತು, ಯಾಕೆಂದರೆ ಮುಂಬಯಿ ಕನ್ನಡಿಗರು ಅಂದಾಗ ನಮ್ಮ ಮನಸ್ಸಿಗೆ ಕರಾವಳಿಯವರು ಬರುತ್ತಾರೆ, ಇವರು ಬರುವುದೇ ಇಲ್ಲ.

ಮೊದಲು ಹೊಲದ ಲೆಕ್ಕ ಹಾಕೋಣ. ಮೂರು ಎಕರೆ ಒಣ ಹೊಲ, ನೀರಾವರಿ ಇಲ್ಲ. ಆ ಕಡೆ ಮುಂಗಾರಿಯಲ್ಲಿ ತೊಗರಿ ಹಾಕುತ್ತಾರೆ. ಜೂನ್, ಜುಲೈಯಲ್ಲಿ ಬಿತ್ತಿದರೆ ರಾಶಿ (ಒಕ್ಕಣೆ) ಆಗುವುದು ಡಿಸೆಂಬರ್, ಜನವರಿಗೆ. ಮಳೆ ಚೆನ್ನಾಗಿ ಆಗಿ ಎಕರೆಗೆ ನಾಲ್ಕು ಕ್ವಿಂಟಲ್ ಬಂತು ಅಂದುಕೊಳ್ಳಿ, ಒಟ್ಟು ಹನ್ನೆರಡು ಕ್ವಿಂಟಲ್. 2024-25ಕ್ಕೆ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಅದೇ ಬೆಲೆ ಕೈಗೆ ಸಿಕ್ಕಿದರೂ 90,600. ಇದರಲ್ಲಿ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಾಯಿಕೊರಕ ಹುಳಕ್ಕೆ ಹೊಡೆದ ಔಷಧಿ, ಕೊಯ್ಯುವ ಆಳು, ರಾಶಿ ಮಷೀನು ಎಲ್ಲ ಕಳೆಯಿರಿ. ಅರ್ಧ ಉಳಿದರೆ ಪುಣ್ಯ. ವರ್ಷಕ್ಕೆ 45,000 ಅಂದರೆ ತಿಂಗಳಿಗೆ ನಾಲ್ಕು ಸಾವಿರವೂ ಇಲ್ಲ. ನೆಟೆ ರೋಗ ಬಿದ್ದು ನಿಂತ ಬೆಳೆ ನಿಂತಲ್ಲೇ ಒಣಗಿದರೆ ಅದೂ ಇಲ್ಲ, ಬಿತ್ತುವಾಗ ಮಾಡಿದ ಸಾಲ ಮಾತ್ರ ತಲೆಮೇಲೆ.

ದುಡ್ಡು ಬರುವುದು ವರ್ಷಕ್ಕೊಮ್ಮೆ. ಖರ್ಚು ಹಾಗಲ್ಲ. ಆಸ್ಪತ್ರೆ, ಮದುವೆ, ಮೊಬೈಲ್ ರೀಚಾರ್ಜ್, ಮಕ್ಕಳ ಫೀಸು, ಬಡ್ಡಿ, ಎಲ್ಲ ತಿಂಗಳ ತಿಂಗಳಾ ಬರುತ್ತದೆ. ರಾಶಿ ಮುಗಿದ ಮೇಲೆ ಜೂನ್‌ನಲ್ಲಿ ಮಿರಗಿನ (ಮೃಗಶಿರಾ) ಮಳೆ ಬೀಳುವ ತನಕ ಹೊಲದಲ್ಲಿ ಕೆಲಸವೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ಗುಳೆ ಹೊರಡುತ್ತಾರೆ. ಮುಂಬಯಿ, ಪುಣೆ, ಗೋವಾ, ಬೆಂಗಳೂರು, ಎಲ್ಲಿ ಪರಿಚಯದ ಮೇಸ್ತ್ರಿ ಇದ್ದಾನೋ ಅಲ್ಲಿಗೆ. ಹೊಲ ಇಲ್ಲದವರು ವರ್ಷವಿಡೀ ಇಲ್ಲೇ ಉಳಿಯುತ್ತಾರೆ.

ಉದ್ಯೋಗ ಖಾತ್ರಿ ಬಗ್ಗೆ ಕೇಳಿದಿರಿ. 2005ರ ಆ ಕಾಯ್ದೆ ಕೊಟ್ಟಿದ್ದು ವರ್ಷಕ್ಕೆ 100 ದಿನ, ಅದೂ ಒಂದು ಮನೆಗೆ ಸೇರಿ 100 ದಿನ. ಗಂಡ ಹೆಂಡತಿ ಇಬ್ಬರೂ ಹೋದರೆ ಐವತ್ತು ದಿನಕ್ಕೆ ಮುಗಿಯಿತು. ಕೂಲಿ 15 ದಿನದೊಳಗೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇತ್ತು, ಆದರೆ ಬ್ಯಾಂಕಿಗೆ ದುಡ್ಡು ಬೀಳುವುದು ತಡವಾದರೆ ದಿನದ ಗಂಜಿಗೆ ಏನು ಮಾಡಬೇಕು? ಮೇಸ್ತ್ರಿ ಹಾಗಲ್ಲ, ಹೊರಡುವ ಮೊದಲೇ ಮುಂಗಡ ಕೈಗಿಡುತ್ತಾನೆ. ಆ ಮುಂಗಡದಲ್ಲಿ ಹಳೇ ಸಾಲ ತೀರುತ್ತದೆ. ಆಮೇಲೆ ಇಲ್ಲಿ ದುಡಿದು ಮುಂಗಡ ತೀರಿಸಬೇಕು. ಅದಕ್ಕೇ ಗಂಡ ಹೆಂಡತಿ ಇಬ್ಬರೂ ಬರುತ್ತಾರೆ, ಜೋಡಿಗೆ ಇಷ್ಟು ಅಂತ ಮಾತಾಗಿರುತ್ತದೆ. ಊರಲ್ಲಿ ಅಜ್ಜಿ ಗಟ್ಟಿ ಇದ್ದರೆ ಮಕ್ಕಳನ್ನು ಅಲ್ಲಿ ಬಿಡುತ್ತಾರೆ. ಅಜ್ಜಿಯೂ ದುಡಿಯಲು ಬಂದಿದ್ದರೆ? ಹಾಲು ಬಿಡದ ಕೂಸಾಗಿದ್ದರೆ? ಕರಕೊಂಡು ಬರದೆ ಬೇರೆ ದಾರಿಯೇ ಇಲ್ಲ.

ಒಮ್ಮೆ ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಹತ್ತಿರದ ನಾಕಾಕ್ಕೆ, ಅಂದರೆ ಕೂಲಿಗೆ ಜನ ಕಾದು ನಿಲ್ಲುವ ಚೌಕಕ್ಕೆ, ಹೋಗಿ ನಿಂತು ನೋಡಿ. ಮೇಸ್ತ್ರಿಯ ಕೈಯಲ್ಲಿ ಇಲ್ಲದೆ ತಾವಾಗಿಯೇ ಬಂದವರು ಅಲ್ಲಿರುತ್ತಾರೆ. ಗೌಂಡಿ ತನ್ನ ಚೀಲದಿಂದ ಥಾಪಿಯ (ಕರಣೆಯ) ಹಿಡಿ ಹೊರಗೆ ಕಾಣುವ ಹಾಗೆ ಇಟ್ಟುಕೊಂಡಿರುತ್ತಾನೆ, ಕೆಲಸ ಬಲ್ಲವನು ಅಂತ ದೂರದಿಂದಲೇ ಗೊತ್ತಾಗಲಿ ಅಂತ. ಹೆಂಗಸರು ಸೀರೆಯ ಮೇಲೆ ಗಂಡಸರ ಫುಲ್ ತೋಳಿನ ಅಂಗಿ ತೊಟ್ಟಿರುತ್ತಾರೆ, ಸಿಮೆಂಟು ಚರ್ಮ ಸುಡದೇ ಇರಲಿ ಅಂತ. ಬುತ್ತಿ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಒಂದು ಟೆಂಪೋ ನಿಂತರೆ ಹತ್ತು ಜನ ಮುತ್ತುತ್ತಾರೆ. ಮಾತು ಮರಾಠಿ ಹಿಂದಿಯಲ್ಲಿ, ತಮ್ಮತಮ್ಮಲ್ಲಿ ಕನ್ನಡ ಇಲ್ಲವೇ ಲಂಬಾಣಿ. ಹೆಣ್ಣಾಳಿನ ಕೂಲಿ ಗಂಡಾಳಿಗಿಂತ ಕಡಿಮೆ, ಹೊರುವ ಬುಟ್ಟಿ ಮಾತ್ರ ಅದೇ. ಹತ್ತು ಗಂಟೆಯ ತನಕ ಯಾರೂ ಕರೆಯದಿದ್ದರೆ ಆ ದಿನ ಹೋಯಿತು, ಬುತ್ತಿಯನ್ನು ಶೆಡ್ಡಿಗೆ ವಾಪಸ್ ಹೋಗಿ ಉಣ್ಣುವುದು.

ನಿಮಗೆ ಮನಸ್ಸಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ, ಅದಕ್ಕೆ ಮಾಡಬಹುದಾದದ್ದನ್ನು ಹೇಳುತ್ತೇನೆ. ಆರರಿಂದ ಹದಿನಾಲ್ಕರ ಮಗುವನ್ನು ಶಾಲೆಗೆ ಸೇರಿಸಲು ಟಿಸಿ ಇಲ್ಲ, ಜನ್ಮ ದಾಖಲೆ ಇಲ್ಲ ಅಂತ ಬೇಡ ಅನ್ನುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ತಾಯಿಗೆ ಮರಾಠಿ ಬರುವುದಿಲ್ಲ, ಹೆಡ್‌ಮಾಸ್ತರ ಮುಂದೆ ನಿಲ್ಲಲು ಹೆದರುತ್ತಾಳೆ. ನೀವು ಒಮ್ಮೆ ಜೊತೆಗೆ ಹೋಗಿ. ಮುಂಬಯಿ ಮಹಾನಗರಪಾಲಿಕೆಗೆ ಕನ್ನಡ ಮಾಧ್ಯಮದ ಶಾಲೆಗಳೂ ಇವೆ, ಆದರೆ ಕಟ್ಟಡದ ಕೆಲಸ ಈಗ ನಡೆಯುವುದು ಪನ್ವೇಲ್, ಖಾರ್‌ಘರ್, ಕಲ್ಯಾಣದಲ್ಲಿ, ಮಕ್ಕಳು ಅಷ್ಟು ದೂರ ಹೋಗಲಾರರು. 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಊರಿನ ರೇಷನ್ ಕಾರ್ಡ್ ನಂಬರ್, ಆಧಾರ್ ಹೇಳಿ ಬೆರಳು ಒತ್ತಿದರೆ ಕೇಂದ್ರದ ಪಾಲಿನ ಧಾನ್ಯ ಇಲ್ಲಿನ ಅಂಗಡಿಯಲ್ಲೂ ಸಿಗಬೇಕು, ತಲೆಗೆ ಐದು ಕಿಲೋ. ಊರಲ್ಲಿ ಅಜ್ಜಿ ತನ್ನ ಪಾಲು ಅಲ್ಲೇ ತಗೊಳ್ಳಬಹುದು. ಇದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ, ಇಲ್ಲಿ ಬಾಂಧಕಾಮ ಕಾಮಗಾರ್ ಮಂಡಳ ಅನ್ನುತ್ತಾರೆ. 18ರಿಂದ 60 ವಯಸ್ಸಿನ ಒಳಗಿದ್ದು ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಹೆಸರು ಬರೆಸಬಹುದು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಈ ಕೂಲಿಯವರ ಹೆಸರಿನಲ್ಲೇ ವಸೂಲಾಗುತ್ತದೆ, ನಿಮ್ಮ ಎದುರಿನ ಟವರ್‌ನದ್ದೂ. 90 ದಿನದ ಸರ್ಟಿಫಿಕೇಟ್ ಬರೆದುಕೊಡಲು ಕಂಟ್ರಾಕ್ಟರ್ ಹಿಂದೆ ಮುಂದೆ ನೋಡುತ್ತಾನೆ, ಅಲ್ಲೇ ಎಲ್ಲ ಸಿಕ್ಕಿಹಾಕಿಕೊಳ್ಳುವುದು. ನಮ್ಮ ಕನ್ನಡ ಸಂಘಗಳಲ್ಲಿ ವಕೀಲರಿದ್ದಾರೆ, ಇಂಜಿನಿಯರುಗಳಿದ್ದಾರೆ, ಬಿಲ್ಡರುಗಳ ಪರಿಚಯ ಇರುವವರಿದ್ದಾರೆ. ವರ್ಷಕ್ಕೆ ಒಂದು ಕಾರ್ಯಕ್ರಮದ ಶಾಲು, ಹಾರದ ಖರ್ಚನ್ನು ಈ ಕೆಲಸಕ್ಕೆ ತಿರುಗಿಸಬಾರದೇ ಅಂತ ನಾನು ಸಂಘದವರನ್ನೆಲ್ಲ ಕೇಳುತ್ತೇನೆ.

ಪ್ರಶ್ನೆ (ಬೊರಿವಿಲಿ): ಕೊಂಕಣ ರೈಲು ಬಂದ ಮೇಲೆ ಊರಿಗೆ ವಾಪಸ್ ಹೋದವರು ಜಾಸ್ತಿಯೋ, ಊರು ಬಿಟ್ಟವರು ಜಾಸ್ತಿಯೋ?

ಉತ್ತರ: 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ದೇಶಕ್ಕೆ ಸಿಕ್ಕಿತು. ಅದಕ್ಕೂ ಮೊದಲು ಘಟ್ಟ ಹತ್ತಿ ಇಳಿದು ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಹೋಗಬೇಕಿತ್ತು, ವರ್ಷಕ್ಕೊಮ್ಮೆ ಹೋದರೆ ದೊಡ್ಡದು. ಈಗ ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಮಾರನೇ ಬೆಳಿಗ್ಗೆ ಉಡುಪಿ. ಕೋಲ, ನಾಗರಪಂಚಮಿ, ಚೌತಿ, ಮದುವೆ, ಏನಿದ್ದರೂ ಹೋಗಿ ಬರಬಹುದು. ನನಗೆ ಕಾಣುವ ಹಾಗೆ ರೈಲು ಊರು ಬಿಡುವುದನ್ನು ಹೆಚ್ಚು ಮಾಡಲಿಲ್ಲ, ನಿಲ್ಲಿಸಲೂ ಇಲ್ಲ. ಊರಿನ ಮನೆಯ ಬಾಗಿಲಿಗೆ ಬೀಗ ಬೀಳುವುದನ್ನು ಮಾತ್ರ ಎಷ್ಟೋ ಕಡೆ ತಪ್ಪಿಸಿತು. ಕರಾವಳಿಯ ಹೊಸ ಹುಡುಗರಿಗೆ ಈಗ ಬೆಂಗಳೂರು, ಗಲ್ಫ್ ಇದೆ, ಹೊಟೇಲಿಗೆ ಹುಡುಗರು ಸಿಗುವುದಿಲ್ಲ ಅಂತ ನಮ್ಮ ಹೊಟೇಲಿನವರೇ ಹೇಳುತ್ತಾರೆ.

ಪ್ರಶ್ನೆ (ಪುಣೆ, ಹಡಪ್ಸರ್‌ನ ಯುವಕ): ಅಕ್ಕಾ, ನಮ್ಮೂರಿನ ಕೇರಿಯಲ್ಲಿ ಹುಟ್ಟಿದವರನ್ನು ಚಾ ಅಂಗಡಿಯಲ್ಲಿ ಇವತ್ತಿಗೂ ಬೇರೆ ಥರ ನೋಡುತ್ತಾರೆ. ನಾನು ಊರು ಬಿಟ್ಟಿದ್ದು ಕೂಲಿಗಲ್ಲ, ಅದಕ್ಕೆ. ಇಲ್ಲಿ ಕಂಪನಿಯಲ್ಲಿ ಯಾರೂ ಜಾತಿ ಕೇಳಲಿಲ್ಲ. ಆದರೆ ರೂಮು ಬಾಡಿಗೆಗೆ ಕೇಳಲು ಹೋದರೆ ಅಡ್ಡಹೆಸರು (ಸರ್‌ನೇಮ್) ಕೇಳುತ್ತಾರೆ. ಹಳ್ಳಿಯ ಬದುಕೇ ಚಂದ ಅಂತ ಬರೆಯುವವರಿಗೆ ನೀವು ಏನು ಹೇಳುತ್ತೀರಿ?

ಉತ್ತರ: ತಮ್ಮಾ, ನಿನ್ನ ಪತ್ರ ಹಾಕಲೇಬೇಕು ಅನ್ನಿಸಿತು. ಊರು ಬಿಡುವ ಕಾರಣ ಅಂದ ಕೂಡಲೇ ಎಲ್ಲರೂ ಮಳೆ, ಬೆಳೆ, ಸಾಲ ಅನ್ನುತ್ತಾರೆ. ಉಸಿರು ಕಟ್ಟಿ ಊರು ಬಿಟ್ಟವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಡ ಸತ್ತವಳು ಅಂತ ಊರಲ್ಲಿ ಮೂದಲಿಸಿಕೊಂಡು ಇಲ್ಲಿಗೆ ಬಂದು, ನಾಲ್ಕು ಮನೆ ಕೆಲಸ ಹಿಡಿದು ಮಕ್ಕಳನ್ನು ಓದಿಸಿದ ಹೆಂಗಸರು ಈ ಊರಲ್ಲಿ ಕಡಿಮೆ ಇಲ್ಲ. ಅವರ ಮುಂದೆ ಹಳ್ಳಿಯ ಚಂದ ಹೇಳಲು ನನಗೆ ಬಾಯಿ ಬರುವುದಿಲ್ಲ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುವಾಗ ಅಂಬೇಡ್ಕರ್ ಅವರು ಇದನ್ನೇ ಖಡಾಖಂಡಿತವಾಗಿ ಹೇಳಿದರು. ಹಳ್ಳಿಯನ್ನೇ ಆಧಾರ ಮಾಡಿಕೊಂಡು ದೇಶ ಕಟ್ಟಬೇಕು ಅನ್ನುವವರ ಎದುರು, ಹಳ್ಳಿ ಅಂದರೆ ಅಜ್ಞಾನ, ಸಣ್ಣತನದ ತಾಣ, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಹಿಡಿದುಕೊಂಡಿದ್ದು ಒಳ್ಳೆಯದೇ ಆಯಿತು ಅನ್ನುವ ಅರ್ಥದಲ್ಲಿ ಮಾತಾಡಿದರು. ಅವರು ಸುಮ್ನೆ ಹೇಳಿದ ಮಾತಲ್ಲ. ಅವರೇ ಪರೇಲ್‌ನ ಬಿಐಟಿ (ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್) ಚಾಳಿನಲ್ಲಿ, ಗಿರಣಿ ಕಾರ್ಮಿಕರ ನಡುವೆ, ಬಹಳ ವರ್ಷ ಇದ್ದವರು. ಅದೇ ಅಂಬೇಡ್ಕರ್ ಪರದೇಶದಲ್ಲಿ ಓದಿ ಬಡೋದೆಗೆ ಕೆಲಸಕ್ಕೆ ಹೋದಾಗ, ಅಷ್ಟು ದೊಡ್ಡ ಪಟ್ಟಣದಲ್ಲಿ ಇರಲು ಮನೆ ಸಿಗದೆ ವಾಪಸ್ ಬಂದರು. ಹಾಗಾಗಿ ನೀನು ಹಡಪ್ಸರಿನಲ್ಲಿ ಕಂಡಿದ್ದು ಹೊಸದಲ್ಲ. ನಗರದಲ್ಲಿ ಲೋಕಲ್ಲಿನಲ್ಲಿ, ಕೆಲಸದ ಜಾಗದಲ್ಲಿ, ವಡಾಪಾವ್ ಗಾಡಿಯಲ್ಲಿ ಜಾತಿ ಕೇಳಲು ಯಾರಿಗೂ ಪುರಸೊತ್ತಿಲ್ಲ. ಮನೆ ಕೊಡುವಾಗ, ಹೆಣ್ಣು ಕೊಡುವಾಗ ಕೇಳುತ್ತಾರೆ. ಇದು ನಾಚಿಕೆಗೇಡು, ಹಾಗೆ ಕೇಳುವವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಈ ಪತ್ರಿಕೆ ಓದುವವರಲ್ಲಿ ಪುಣೆಯಲ್ಲಿ ಬಾಡಿಗೆಗೆ ಕೊಡುವ ಮನೆ ಇದ್ದು, ಅಡ್ಡಹೆಸರು ಕೇಳದೆ ಕೊಡುವವರು ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ನಿನಗೆ ತಲುಪಿಸುತ್ತೇವೆ.

ಪ್ರಶ್ನೆ (ಕಲ್ಯಾಣದ ಓದುಗರು): ಅಕ್ಕಾ, ನಾನು ಮದುವೆಯಾಗಿ ಇಲ್ಲಿಗೆ ಬಂದವಳು, ತವರು ಗದಗ ಜಿಲ್ಲೆ. ತಮ್ಮ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾನೆ. ಮೂರು ಎಕರೆ ಹೊಲ ಇದೆ. ಹೊಲ ಮಾಡುವ ಹುಡುಗನಿಗೆ ಹೆಣ್ಣು ಕೊಡಲ್ಲ ಅಂತಾರೆ, ಮುಂಬಯಿಗೆ ಕರೆಸಿಕೋ ಅಂತ ಅವ್ವ ಗಂಟು ಬಿದ್ದಿದ್ದಾಳೆ. ಹೊಲ ಮಾರಿ ಇಲ್ಲೇ ಒಂದು ರೂಮು ತಗೊಳ್ಳಲಿ ಅಂತ ಅಪ್ಪ. ಏನು ಮಾಡಲಿ?

ಉತ್ತರ: ಹೆಣ್ಣು ಸಿಗುವುದಿಲ್ಲ ಅನ್ನುವ ಕಾರಣ ಈಗ ಎಲ್ಲ ಕಡೆ ಕೇಳಿಬರುತ್ತಿದೆ, ನಿಮ್ಮ ಅವ್ವನ ಚಿಂತೆ ದೊಡ್ಡದೇ. ಆದರೆ ಹೊಲ ಮಾರಬೇಡಿ. ಇದೊಂದು ಮಾತನ್ನು ಅಪ್ಪನಿಗೆ ಗಟ್ಟಿಯಾಗಿ ಹೇಳಿ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಈ ಊರಲ್ಲಿ ಕೆಲಸ, ಕೂಲಿ, ಬಾಡಿಗೆಗೆ ದುಡ್ಡು ಎಲ್ಲ ಒಟ್ಟಿಗೆ ನಿಂತವು. ಮೇ 1ರಿಂದ ಶ್ರಮಿಕ ರೈಲು ಬಿಟ್ಟರು, ಅಷ್ಟರಲ್ಲಿ ಎಷ್ಟೋ ಜನ ನಡೆದೇ ಹೊರಟಿದ್ದರು. ಹೋಗಿ ಸೇರಲು ಒಂದು ಮನೆ, ತಿನ್ನಲು ಒಂದು ಚೀಲ ಜೋಳ ಇದ್ದವರು ಹೇಗೋ ಬದುಕಿಕೊಂಡರು. ಮೂರು ಎಕರೆಗೆ ಬರುವ ದುಡ್ಡಿನಲ್ಲಿ ಕಲ್ಯಾಣದಲ್ಲಿ ಒಳ್ಳೆ ರೂಮು ಬರುವುದೂ ಇಲ್ಲ, ಬಂದರೂ ದಾಖಲೆ ಸರಿ ಇಲ್ಲದ ಕಟ್ಟಡದಲ್ಲಿ ಸಿಕ್ಕಿಕೊಳ್ಳುವ ಭಯ. ಹೊಲವನ್ನು ಪಾಲಿಗೆ ಕೊಡಲಿ, ಲಾವಣಿಗೆ (ಗುತ್ತಿಗೆಗೆ) ಕೊಡಲಿ, ಹೆಸರು ಮನೆಯದ್ದೇ ಇರಲಿ.

ತಮ್ಮನನ್ನು ಕರೆಸಿಕೊಳ್ಳುವುದಾದರೆ ಕೆಲಸ ಯಾವ ಥರದ್ದು ಅಂತ ನೋಡಿ ಕರೆಸಿಕೊಳ್ಳಿ. ಮುಂಬಯಿ ಒಂದು ಕಾಲಕ್ಕೆ ಕಾಯಂ ಕೆಲಸ ಕೊಡುತ್ತಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾದಾಗ ಹೊರಗೆ ಬಂದವರು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಆ ಗಿರಣಿಗಳಲ್ಲಿ ಬಹುಪಾಲು ಮತ್ತೆ ಎದ್ದು ನಿಲ್ಲಲಿಲ್ಲ, ಆ ಜಾಗದಲ್ಲಿ ಈಗ ಮಾಲು, ಟವರು. ಅಲ್ಲಿ ಕೆಲಸ ಇಲ್ಲ ಅಂತಲ್ಲ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಡೆಲಿವರಿ, ಎಲ್ಲ ಕಂಟ್ರಾಕ್ಟಿನ ಮೇಲೆ, ಹನ್ನೆರಡು ತಾಸಿನ ಡ್ಯೂಟಿ. ಬಿ.ಕಾಂ. ಓದಿದವನು ಆ ಬಾಗಿಲಿಂದ ಒಳಗೆ ಬಂದರೆ ಮೇಲೆ ಏರುವುದು ಕಷ್ಟ. ಟ್ಯಾಲಿ, ಜಿಎಸ್‌ಟಿ ಕೆಲಸ ಕಲಿತಿದ್ದಾನಾ? ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಒಂದು ವರ್ಷ ಕೆಲಸ ಮಾಡಲಿ, ಊಟ ಮನೆಯದ್ದು, ವಾರಕ್ಕೊಮ್ಮೆ ಹೊಲ ನೋಡಬಹುದು. ಹಳ್ಳಿಯಿಂದ ಹೊರಟವರು ಹತ್ತಿರದ ಪಟ್ಟಣದಲ್ಲಿ ಕಾಲೂರಿ ಆಮೇಲೆ ದೊಡ್ಡ ಊರಿಗೆ ಬರುವುದು ಹೊಸದೇನಲ್ಲ, ಇಂಗ್ಲೆಂಡಿನ ಜನಗಣತಿ ನೋಡಿ ರಾವೆನ್‌ಸ್ಟೈನ್ ಅನ್ನುವವರು 1885ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಹಾಗೆ ಕಲಿತು ಬಂದವನಿಗೆ ಭಿವಂಡಿ ಗೋದಾಮುಗಳಲ್ಲಿ, ಮಸ್ಜಿದ್ ಬಂದರಿನ ವ್ಯಾಪಾರಿಗಳ ಹತ್ತಿರ, ನಮ್ಮ ಹೊಟೇಲುಗಳ ಲೆಕ್ಕ ಬರೆಯಲು ಕೆಲಸ ಸಿಗುತ್ತದೆ.

ಇಲ್ಲಿ ಕೆಲಸಕ್ಕೆ ಸೇರುವಾಗ ಪಿಎಫ್, ಇಎಸ್‌ಐ ಇದೆಯಾ ಅಂತ ಬಾಯಿ ಬಿಟ್ಟು ಕೇಳಲಿ. ತಿಂಗಳಿಗೆ 21,000 ತನಕ ಸಂಬಳ ಇರುವವರು ಇಎಸ್‌ಐ ಒಳಗೆ ಬರುತ್ತಾರೆ, ಕಾಯಿಲೆ ಬಿದ್ದರೆ ಅದೊಂದು ದೊಡ್ಡ ಆಸರೆ. ಸಂಬಳದಲ್ಲಿ ರೈಲು ಪಾಸು, ಊಟ, ರೂಮಿನ ಪಾಲು ಕಳೆದು ಊರಿಗೆ ಎಷ್ಟು ಕಳಿಸಬಹುದು ಅಂತ ನೀವಿಬ್ಬರೂ ಕೂತು ಕಾಗದದ ಮೇಲೆ ಬರೆದು ಅವ್ವನಿಗೆ ತೋರಿಸಿ. ಏನೂ ಉಳಿಯುವುದಿಲ್ಲ ಅಂತಾದರೆ ಹುಬ್ಬಳ್ಳಿಯಲ್ಲೇ ಇರಲಿ. ಬರುವುದಾದರೆ ಆಧಾರ್, ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡಿನ ಜೆರಾಕ್ಸ್ ತರಲಿ, ಮೊದಲ ಕೆಲವು ತಿಂಗಳು ನಿಮ್ಮ ಮನೆಯಲ್ಲೇ ಇರಲಿ. ನಿಮ್ಮ ಯಜಮಾನರಿಗೂ ಇದು ಒಪ್ಪಿಗೆಯಾ ಅಂತ ಮೊದಲೇ ಕೇಳಿಕೊಳ್ಳಿ. ಏನು ತೀರ್ಮಾನ ಆಯಿತು ಅಂತ ನನಗೂ ಒಂದು ಸಾಲು ಬರೆಯಿರಿ.